ಅಡಕೆ ಕೊಳೆರೋಗದ ಲೆಕ್ಕ: ಎಸ್‌ಪಿಎಸ್‌ಎಸ್ ಇಲ್ಲದೆ ಯಾವುದರಲ್ಲಿ ಮಾಡುವುದು?

ನೀರ್ಚಾಲಿನ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಬಂಧದ ವಿಷಯ ಅಡಕೆಯ ಕೊಳೆರೋಗ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಪಂಚಾಯತುಗಳಲ್ಲಿ 12 ತೋಟಗಳನ್ನು ಆರಿಸಿಕೊಂಡು ಪ್ರತಿಯೊಂದನ್ನೂ ಮೂರು ತುಂಡು ಮಾಡಿದ್ದೇನೆ. ಒಂದು ತುಂಡಿಗೆ ಶೇಕಡಾ 1ರ ಬೋರ್ಡೋ ದ್ರಾವಣ, ಇನ್ನೊಂದಕ್ಕೆ ಪೊಟ್ಯಾಸಿಯಂ ಫಾಸ್ಫೊನೇಟ್, ಮೂರನೆಯದಕ್ಕೆ ಮದ್ದೇ ಇಲ್ಲ. ಮದ್ದು ಬಿಟ್ಟ (ಸಿಂಪಡಿಸಿದ) ತುಂಡುಗಳಲ್ಲಿ ತಲಾ 10 ಮರಗಳಿವೆ. ಮದ್ದಿಲ್ಲದ ತುಂಡಿನಲ್ಲಿ 5 ಮಾತ್ರ. ಅದಕ್ಕಿಂತ ಹೆಚ್ಚು ಮರಗಳನ್ನು ಕೊಳೆಗೆ ಬಿಟ್ಟುಕೊಡಲು ಯಾವ ಯಜಮಾನರೂ ಒಪ್ಪಲಿಲ್ಲ. ಪ್ರತಿ ಮರದ ಬುಡಕ್ಕೆ ಬಲೆ ಹಾಸಿ, ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ವಾರಕ್ಕೊಮ್ಮೆ ಉದುರಿದ ಕೊಳೆ ಕಾಯಿಗಳನ್ನು ಎಣಿಸಿದ್ದೇವೆ. ಮರಕ್ಕೆ ಎಷ್ಟು ಗೊನೆ ಎಂಬುದನ್ನೂ ಬರೆದುಕೊಂಡಿದ್ದೇವೆ.

ಮಾರ್ಗದರ್ಶಕರು ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಅನೋವಾ (ಗುಂಪುಗಳ ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಮಾಡಿ, ಯಾವ ಗುಂಪು ಯಾವುದರಿಂದ ಬೇರೆ ಎಂದು ತೋರಿಸುವ ಡಂಕನ್ ಪರೀಕ್ಷೆಯ ಎ, ಬಿ, ಸಿ ಅಕ್ಷರಗಳನ್ನು ಕೋಷ್ಟಕದಲ್ಲಿ ಹಾಕಿ ತರಲು ಹೇಳಿದ್ದಾರೆ. ಪರವಾನಗಿ ಕೊಳ್ಳುವ ಶಕ್ತಿ ನನಗಿಲ್ಲ, ಕದ್ದ ಪ್ರತಿ ಹಾಕಿಕೊಳ್ಳುವ ಮನಸ್ಸೂ ಇಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರ ಪೆನ್‌ಡ್ರೈವಿನಿಂದ ಆರ್ ಎಂಬ ಉಚಿತ ಅಂಕಿಅಂಶ ತಂತ್ರಾಂಶದ 3.6 ಆವೃತ್ತಿ ಹಾಕಿಕೊಂಡಿದ್ದೇನೆ. ಲ್ಯಾಪ್‌ಟಾಪ್ ವಿಂಡೋಸ್ 10ರದ್ದು, 4 ಜಿಬಿ ರ‍್ಯಾಮ್. ತೊಂದರೆಗಳು ಇಷ್ಟು: ತೋಟದ ಹೆಸರುಗಳು ಕನ್ನಡದಲ್ಲಿ ಕಾಣುವುದಿಲ್ಲ, ಯು ಅಕ್ಷರ, ಕೂಡುವ ಚಿಹ್ನೆ, ಸೊನ್ನೆ, ಸಿ ಎಂದೆಲ್ಲ ಕೋನಾಕಾರದ ಆವರಣದೊಳಗೆ ಬರುತ್ತಿದೆ. ಎಣಿಕೆಗೆ ಒಂದನ್ನು ಕೂಡಿಸಿ ಲಾಗ್ ತೆಗೆದು ಆರ್‌ಗೆ ಸೇರಿಸಿಕೊಳ್ಳುವ ಎಲ್‌ಎಂಇ4 ಪ್ಯಾಕೇಜಿನ ಎಲ್‌ಮರ್ ಎಂಬ ಆಜ್ಞೆ ಓಡಿಸಿದರೆ ‘ಸಿಂಗ್ಯುಲರ್ ಫಿಟ್’ ಎಂಬ ಎಚ್ಚರಿಕೆ ಬರುತ್ತದೆ. ಕೊನೆಯಲ್ಲಿ, ವ್ಯತ್ಯಾಸ ಬರೀ ಆಕಸ್ಮಿಕವಿರಬಹುದೇ ಎಂದು ತೂಗಲು ಬಳಸುವ ಪಿ ಮೌಲ್ಯವೇ ಇಲ್ಲ. ಪ್ಯಾಕೇಜ್ ಸರಿಯಾಗಿ ಕೂತಿಲ್ಲವೇ? ಬೇರೆ ಯಾವುದಾದರೂ ಸಾಫ್ಟ್‌ವೇರ್‌ಗೆ ಹೋಗಲೇ?

ಕುಂಬಳೆಯ ಮಾಷ್ಟ್ರು

ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲೇ ಗ್ನೂ ಲಿನಕ್ಸ್, ಲಿಬ್ರೆಆಫೀಸ್, ಜಿಂಪ್ ಮುಟ್ಟಿ ಬೆಳೆದವರು. ಕೇರಳದ ಸರಕಾರಿ ಶಾಲೆಗಳ ಐಟಿ ಪಾಠ ನಿಂತಿರುವುದೇ ಸ್ವತಂತ್ರ ತಂತ್ರಾಂಶದ ಮೇಲೆ. ಅದೇ ಮಕ್ಕಳು ಕಾಲೇಜಿಗೆ ಹೋದ ಕೂಡಲೇ ‘ಎಸ್‌ಪಿಎಸ್‌ಎಸ್ ಎಲ್ಲಿ ಸಿಗುತ್ತದೆ ಮಾಷ್ಟ್ರೇ’ ಎಂದು ಕೇಳುವುದನ್ನು ನೋಡಿದರೆ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಮೆನು ಒತ್ತಿ ಕೆಲಸ ಮಾಡುವ ಅಭ್ಯಾಸವಿದ್ದರೆ ಜಮೋವಿ ನೋಡಿ, ಇಲ್ಲವೇ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರ ಜಾಸ್ಪ್. ಎರಡೂ ಉಚಿತ, ಎರಡರ ಒಳಗೂ ಲೆಕ್ಕ ಹಾಕುವುದು ಆರ್. ಜಮೋವಿಯಲ್ಲಿ ಸಿಂಟ್ಯಾಕ್ಸ್ ಮೋಡ್ ಹಾಕಿದರೆ ನೀವು ಒತ್ತಿದ್ದಕ್ಕೆ ಸಮನಾದ ಆರ್ ಸಾಲು ಪಕ್ಕದಲ್ಲೇ ಕಾಣುತ್ತದೆ. ಕಲಿಯುವವನಿಗೆ ಅದು ಒಳ್ಳೆಯ ಊರುಗೋಲು. ಎಸ್‌ಪಿಎಸ್‌ಎಸ್‌ನ ಮುಖವೇ ಬೇಕೆನ್ನುವವರಿಗೆ ಗ್ನೂ ಯೋಜನೆಯ ಪಿಎಸ್‌ಪಿಪಿ ಇದೆ. ಅನೋವಾ ಅದರಲ್ಲಿ ಮುಗಿಯುತ್ತದೆ.

ಪೆರ್ಲದ ಅಕ್ಕ

ಮಾಷ್ಟ್ರೇ, ಅನೋವಾ ಮುಗಿಯುತ್ತದೆ, ಸರಿ. ಆದರೆ ಈ ದತ್ತಾಂಶಕ್ಕೆ ಆ ಅನೋವಾ ಹೊಂದುವುದಿಲ್ಲ. ಇಲ್ಲಿ ಬೇಕಾದ, ಮರಗಳು ತೋಟ–ತುಂಡುಗಳ ಗುಂಪಿನಲ್ಲಿರುವುದನ್ನೂ ಲೆಕ್ಕಕ್ಕೆ ಹಿಡಿಯುವ ಮಿಶ್ರ ಮಾದರಿ ಪಿಎಸ್‌ಪಿಪಿಯಲ್ಲಿ ಇಲ್ಲ.

ತಮ್ಮಾ, ನಾನು ಮಂಗಳೂರಿನಲ್ಲಿ ಔಷಧ ಪ್ರಯೋಗಗಳ ಅಂಕಿಅಂಶ ನೋಡುವವಳು. ಊರಿನಲ್ಲಿ ತೋಟವೂ ಇದೆ. ಆದ್ದರಿಂದ ನಿನ್ನ ಪ್ರಶ್ನೆಯನ್ನು ಎರಡೂ ಕಡೆಯಿಂದ ಓದಿದೆ. ಪ್ಯಾಕೇಜ್ ಸರಿಯಾಗಿಯೇ ಕೂತಿದೆ. ಅದು ಹೇಳುತ್ತಿರುವುದನ್ನು ಕೇಳಿಸಿಕೊಳ್ಳಬೇಕು, ಅಷ್ಟೆ.

ಮೊದಲು ಆ ಆರ್ 3.6 ಅನ್ನು ತೆಗೆದುಹಾಕು. 2022ರ ಏಪ್ರಿಲ್‌ನಲ್ಲಿ ಬಂದ ಆರ್ 4.2ರಿಂದ ಈಚೆಗೆ ವಿಂಡೋಸ್ 10ರಲ್ಲಿ ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತಪದ್ಧತಿ ನೇರವಾಗಿ ನಡೆಯುತ್ತದೆ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಅದಕ್ಕೆ ಮೊದಲು ವಿಂಡೋಸ್‌ನಲ್ಲಿ ಕನ್ನಡ ಬರೆದವರೆಲ್ಲ ನೀನು ವರ್ಣಿಸಿದ ಆ ಕೋನಾಕಾರದ ಆವರಣಗಳ ಜೊತೆಯಲ್ಲೇ ಬದುಕಿದ್ದೇವೆ. ಎಕ್ಸೆಲ್‌ನಿಂದ ಸಿಎಸ್‌ವಿ ಉಳಿಸುವಾಗ ಬರೀ ಸಿಎಸ್‌ವಿ ಒತ್ತಬೇಡ, ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನು ಆರಿಸು. ಬರೀ ಸಿಎಸ್‌ವಿ ಒತ್ತಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆಗುರುತುಗಳಾಗಿ ಹೋಗುತ್ತವೆ, ಮತ್ತೆ ಯಾವ ದೇವರಿಗೆ ಹರಕೆ ಹೊತ್ತರೂ ಹಿಂದಿರುಗುವುದಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಾದರೆ ಯಾವ ಸಂಕೇತಪದ್ಧತಿ ಬೇಕೆಂದು ಆರಿಸುವ ಜಾಗ ಉಳಿಸುವಾಗಲೇ ಸಿಗುತ್ತದೆ.

ಹೊಸ ಆರ್ ಹಾಕಿದ ಮೇಲೆ ಒಂದು ಕೆಲಸ ಮಾಡು. ತೋಟದ ಕಾಲಮ್ಮಿನಲ್ಲಿ ಬೇರೆ ಬೇರೆ ಹೆಸರುಗಳು ಎಷ್ಟಿವೆ ಎಂದು ‘ಯೂನಿಕ್’ ಬಳಸಿ ಎಣಿಸಿ ಹೇಳು. 12 ಬರಬೇಕು. ನನ್ನ ಅನುಮಾನ, ಬರುವುದಿಲ್ಲ. ವಾರ ವಾರ ಎಣಿಸಲು ನಿನ್ನ ಜೊತೆ ಬಂದವರು ಯಾರು, ಅವರು ಹೆಸರನ್ನು ಯಾವ ಲಿಪಿಯಲ್ಲಿ ಬರೆದರು ಎಂಬುದನ್ನೂ ನೆನಪು ಮಾಡಿಕೋ. ಲಿಪಿ ಒಂದೇ ಆಗಿದ್ದರೂ ಕನ್ನಡದಲ್ಲಿ ಇನ್ನೊಂದು ಕಾಟವಿದೆ: ಮೊಬೈಲ್ ಕೀಲಿಮಣೆ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆಯ ಚಿಹ್ನೆಯನ್ನು ತೂರಿಸುತ್ತದೆ. ನಿನಗೆ ಎರಡೂ ಒಂದೇ ಹೆಸರು, ಆರ್‌ಗೆ ಅವು ಎರಡು ತೋಟ. ‘೧೨’ ಎಂದು ಕನ್ನಡ ಅಂಕಿಯಲ್ಲಿ ಬರೆದ ಎಣಿಕೆಯಂತೂ ಅದಕ್ಕೆ ಸಂಖ್ಯೆಯೇ ಅಲ್ಲ, ‘ಎನ್ಎ’ ಎಂದು ಕೈತೊಳೆದುಕೊಳ್ಳುತ್ತದೆ. ಅಂಕಿಗಳನ್ನು ‘ಸಿಎಚ್ಎಆರ್‌ಟಿಆರ್’ ಎಂಬ ಆಜ್ಞೆಯಿಂದ ಒಂದೇ ಸಾಲಿನಲ್ಲಿ ಬದಲಾಯಿಸಬಹುದು. ಹೆಸರುಗಳ ವಿಷಯದಲ್ಲಿ ಇಂಥ ಜಾಣತನ ಬೇಡ. 1ರಿಂದ 12ರವರೆಗೆ ಸಂಖ್ಯೆ ಕೊಟ್ಟು, ಹೆಸರುಗಳನ್ನು ಬೇರೆ ಹಾಳೆಯಲ್ಲಿ ಇಡು. ಯಜಮಾನರ ಹೆಸರು ಪ್ರಬಂಧದಲ್ಲಿ ಬೀಳದಿರುವುದಕ್ಕೂ ಅದೇ ಒಳ್ಳೆಯದು.

ಈಗ ಅನೋವಾ. 12 ತೋಟಕ್ಕೆ 25ರಂತೆ 300 ಮರ. ಸಾದಾ ಏಕಮುಖ ಅನೋವಾ ಆ 300ನ್ನೂ ಒಂದಕ್ಕೊಂದು ಸಂಬಂಧವಿಲ್ಲದ ಸಾಕ್ಷಿಗಳು ಎಂದುಕೊಳ್ಳುತ್ತದೆ. ಒಂದೇ ಮನೆಯ ಹತ್ತು ಜನರನ್ನು ಕೇಳಿ ಊರಿನ ಹತ್ತು ಮನೆಗಳ ಅಭಿಪ್ರಾಯ ಎಂದು ಬರೆದಂತೆ. ಒಂದು ತೋಟದ ಮರಗಳಿಗೆಲ್ಲ ಒಂದೇ ಮಳೆ, ಒಂದೇ ಕಣಿ, ಒಂದೇ ತೋಡಿನ ತೇವ. ಮದ್ದನ್ನು ನೀನು ಮರ ಮರಕ್ಕೆ ಹಂಚಿಲ್ಲ, ತುಂಡಿಗೆ ಹಂಚಿದ್ದೀಯ. ಆದ್ದರಿಂದ ಮದ್ದುಗಳ ಹೋಲಿಕೆಗೆ ನಿನ್ನಲ್ಲಿರುವುದು 36 ತುಂಡು, 12 ತೋಟ, 300 ಅಲ್ಲ. ಪರಿಸರ ವಿಜ್ಞಾನದಲ್ಲಿ ಹರ್ಲ್‌ಬರ್ಟ್ 1984ರಲ್ಲೇ ಇದನ್ನು ಹುಸಿ ಪುನರಾವರ್ತನೆ ಎಂದು ಕರೆದು ಗದರಿಸಿದ್ದಾರೆ. ಈಗಲೂ ಪ್ರಬಂಧಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ.

ಲಾಗ್ ತೆಗೆಯುವುದನ್ನೂ ಬಿಡು. ಮದ್ದು ಬಿಟ್ಟ ಮರಗಳಲ್ಲಿ ಎಷ್ಟೋ ವಾರ ಸೊನ್ನೆಯೇ ಬಂದಿರುತ್ತದೆ. ಸೊನ್ನೆಗೆ ಒಂದು ಕೂಡಿಸಿ ಲಾಗ್ ತೆಗೆದರೆ ಮತ್ತೆ ಸೊನ್ನೆ, ಆ ಸೊನ್ನೆಗಳ ರಾಶಿ ಅಲ್ಲೇ ಕೂತಿರುತ್ತದೆ. ಎಣಿಕೆಯನ್ನು ಎಣಿಕೆಯಾಗಿಯೇ ಇಟ್ಟು ಜಿಎಲ್‌ಎಂಎಂಟಿಎಂಬಿ ಪ್ಯಾಕೇಜಿನಲ್ಲಿ, ಸರಾಸರಿಗಿಂತ ಹೆಚ್ಚಿನ ಏರುಪೇರನ್ನೂ ತಾಳುವ ನೆಗೆಟಿವ್ ಬೈನೋಮಿಯಲ್ ಮಾದರಿ ಕಟ್ಟು. ಎಣಿಕೆಗೆ ಸಾಮಾನ್ಯವಾಗಿ ಬಳಸುವ ಪ್ವಾಸಾನ್ ಮಾದರಿ ಸಾಲುವುದಿಲ್ಲ. ಅದು ಸರಾಸರಿಯೂ ಏರುಪೇರೂ ಸಮ ಎಂದುಕೊಳ್ಳುತ್ತದೆ; ಕೊಳೆರೋಗ ಹಾಗೆ ಸಮನಾಗಿ ಹಂಚಿಕೊಂಡು ಬರುವ ರೋಗವಲ್ಲ, ಹಿಡಿದ ಮರವನ್ನು ಬರಿದು ಮಾಡಿ ಪಕ್ಕದ್ದನ್ನು ಬಿಟ್ಟಿರುತ್ತದೆ.

ಮೊದಲಿಗೆ ವಾರಗಳನ್ನು ಕೂಡಿಸಿ ಮರಕ್ಕೊಂದು ಸಾಲು ಮಾಡಿಕೋ. ಸೂತ್ರದ ಎಡಗಡೆ ಉದುರಿದ ಕಾಯಿ, ಬಲಗಡೆ ಮದ್ದು. ಬಳಿಕ ಆವರಣದೊಳಗೆ ಒಂದು, ನೆಟ್ಟಗೆರೆ, ತೋಟ. ಇನ್ನೊಂದು ಆವರಣದಲ್ಲಿ ಒಂದು, ನೆಟ್ಟಗೆರೆ, ತೋಟ–ಮದ್ದು ಜೋಡಿ. ಅದೇ ನಿನ್ನ ತುಂಡು. ಗೊನೆಗಳ ಸಂಖ್ಯೆಯ ಲಾಗನ್ನು ‘ಆಫ್‌ಸೆಟ್’ ಎಂದು ಕೊಡು, ಆಗ ಐದು ಗೊನೆಯ ಮರಕ್ಕೂ ಎರಡು ಗೊನೆಯ ಮರಕ್ಕೂ ನ್ಯಾಯ ಸಿಗುತ್ತದೆ. 300 ಸಾಲಿಗೆ 4 ಜಿಬಿ ಧಾರಾಳ.

ಮಾದರಿ ಹೊಂದಿತೇ ಎಂದು ನೋಡಲು ಧರ್ಮ ಎಂಬ ಪ್ಯಾಕೇಜಿದೆ. ಹೆಸರು ನೋಡಿ ನಗಬೇಡ, ಕೆಲಸ ಗಂಭೀರವಾದದ್ದು. ನೀನು ಕಟ್ಟಿದ ಮಾದರಿಯಿಂದಲೇ ನಕಲಿ ದತ್ತಾಂಶವನ್ನು ಮತ್ತೆ ಮತ್ತೆ ಹುಟ್ಟಿಸಿ, ನಿನ್ನ ನಿಜವಾದ ಎಣಿಕೆಗಳು ಆ ಗುಂಪಿನಲ್ಲಿ ಬೆರೆಯುತ್ತವೆಯೇ ಎಂದು ತಾಳೆ ನೋಡುತ್ತದೆ.

‘ಸಿಂಗ್ಯುಲರ್ ಫಿಟ್’ ಎಂದರೆ ಯಾವುದೋ ಒಂದು ಹಂತದ ಏರುಪೇರು ಸೊನ್ನೆ ಎಂಬ ಅಂದಾಜಿಗೆ ಲೆಕ್ಕ ಬಂದು ನಿಂತಿದೆ ಎಂದು ಅರ್ಥ. ಹೆಸರುಗಳು ಸರಿಯಾದ ಮೇಲೂ ಅದು ಬಂದರೆ ಮತ್ತೆ ಮಾತನಾಡೋಣ. ಪಿ ಮೌಲ್ಯ ಕಾಣದಿರುವುದು ಮಾತ್ರ ಎಲ್‌ಎಂಇ4 ಕಟ್ಟಿದ ಡಗ್ಲಸ್ ಬೇಟ್ಸ್ ಬೇಕೆಂದೇ ಮಾಡಿದ್ದು. ಇಂಥ ಮಾದರಿಯಲ್ಲಿ ಪಿ ಮೌಲ್ಯಕ್ಕೆ ಬೇಕಾದ ಸ್ವಾತಂತ್ರ್ಯದ ಮಟ್ಟ (ಡಿಗ್ರೀಸ್ ಆಫ್ ಫ್ರೀಡಮ್) ಎಷ್ಟೆಂದು ಖಚಿತವಾಗಿ ಹೇಳಲಾಗುವುದಿಲ್ಲ, ಹೇಳಲಾಗದ್ದನ್ನು ಅಚ್ಚು ಹಾಕುವುದಿಲ್ಲ ಎಂದು ಅವರು 2006ರಲ್ಲಿ ಬರೆದು ತಿಳಿಸಿದರು. ಬೇಕೆನ್ನುವವರಿಗೆ ಅಂದಾಜು ಕಟ್ಟಿಕೊಡುವ ಎಲ್‌ಮರ್‌ಟೆಸ್ಟ್ ಎಂಬ ಪ್ಯಾಕೇಜನ್ನು ಬೇರೆಯವರು ಮಾಡಿದರು. ಒಬ್ಬ ತಯಾರಕ ‘ಇದನ್ನು ನಾನು ಕೊಡುವುದಿಲ್ಲ, ಕಾರಣ ಇದು’ ಎಂದು ಹೇಳುವುದು, ಇನ್ನೊಬ್ಬರು ‘ಹಾಗಾದರೆ ನಾವು ಕೊಡುತ್ತೇವೆ, ವಿಧಾನ ಇದು’ ಎನ್ನುವುದು, ಎರಡನ್ನೂ ಬಿಚ್ಚಿ ನೋಡಲು ನಮಗೆ ಸಿಗುವುದು: ನನಗೆ ಆರ್ ಹಿಡಿಸಿದ್ದೇ ಇದರಿಂದ. ದುಡ್ಡು ಉಳಿದದ್ದು ಆಮೇಲಿನ ಮಾತು.

ಅಕ್ಷರದ ಕೋಷ್ಟಕದ ವಿಷಯ ಹೇಳದೆ ಮುಗಿಸಲಾರೆ. ಡಂಕನ್ ಪರೀಕ್ಷೆ 1955ರದ್ದು. ಅಗ್ರಿಕೋಲೆ ಪ್ಯಾಕೇಜಿನಲ್ಲಿ ಅದೂ ಇದೆ, ಒಂದು ಸಾಲಿನ ಕೆಲಸ. ಆದರೆ ಇರುವುದೇ ಮೂರು ಉಪಚಾರ, ಅವಕ್ಕೆ ಎ, ಬಿ, ಸಿ ಹಚ್ಚಿ ಏನು ತಿಳಿಯಬೇಕಾಗಿದೆ? ಇಎಂಮೀನ್ಸ್ ಪ್ಯಾಕೇಜಿನಿಂದ ಅನುಪಾತ ತೆಗೆ: ಫಾಸ್ಫೊನೇಟ್ ಬಿಟ್ಟ ಮರದಲ್ಲಿ ಉದುರುವುದು ಬೋರ್ಡೋ ಮರದ ಎಷ್ಟು ಪಾಲು, ಆ ಪಾಲಿನ ಶೇಕಡಾ 95ರ ವ್ಯಾಪ್ತಿ ಎಲ್ಲಿಂದ ಎಲ್ಲಿಗೆ. ಬೋರ್ಡೋಗೆ ಬೇಕಾದ ಮೈಲುತುತ್ತಿನ ಬೆಲೆ ಏರಿದಾಗ ತೋಟದವನು ಕೇಳುವ ಪ್ರಶ್ನೆ ಅದೇ.

ಹೊಸಂಗಡಿ ಹುಡುಗ

ಇಷ್ಟೆಲ್ಲ ತಾಪತ್ರಯ ಏಕೆ ಅಕ್ಕ? ಪೈಥಾನ್ ಕಲಿತರೆ ನಾಳೆ ಕೆಲಸಕ್ಕೂ ಆಗುತ್ತದೆ. ಅದರಲ್ಲಿ ಪಾಂಡಾಸ್, ಸ್ಟ್ಯಾಟ್ಸ್‌ಮಾಡೆಲ್ಸ್ ಎಂಬ ಪ್ಯಾಕೇಜುಗಳಿವೆ. ಗೂಗಲ್‌ನ ಕೊಲ್ಯಾಬ್‌ನಲ್ಲಿ ಬ್ರೌಸರ್‌ನೊಳಗೇ ಓಡಿಸಬಹುದು, ಲ್ಯಾಪ್‌ಟಾಪಿಗೆ ಏನನ್ನೂ ಹಾಕಬೇಕಾಗಿಲ್ಲ.

ಪೆರ್ಲದ ಅಕ್ಕ

ಕಲಿಯಲಿ, ಬೇಡವೆನ್ನುವುದಿಲ್ಲ. ಹಾಳೆಗಳನ್ನು ಒಗ್ಗೂಡಿಸಿ ಶುಚಿಮಾಡುವುದಕ್ಕೆ ಪಾಂಡಾಸ್ ಬಲು ಸೊಗಸು. ಆದರೆ ಸ್ಟ್ಯಾಟ್ಸ್‌ಮಾಡೆಲ್ಸ್‌ನ ಮಿಶ್ರ ಮಾದರಿ ಮುಖ್ಯವಾಗಿ ರೇಖೀಯ ಮಾದರಿಗೆ ಮಾಡಿದ್ದು. ಎರಡು ಹಂತದ ಗುಂಪಿರುವ ನೆಗೆಟಿವ್ ಬೈನೋಮಿಯಲ್ ಕೇಳಿದರೆ ನೀನು ಪೈಎಂಸಿ, ಬ್ಯಾಂಬಿ ಎಂಬ ಪ್ಯಾಕೇಜುಗಳಿಗೆ ಹೋಗಿ ಬೇಯ್ಸನ (ಮೊದಲ ಊಹೆಯನ್ನು ದತ್ತಾಂಶದಿಂದ ತಿದ್ದುವ) ದಾರಿ ಹಿಡಿಯಬೇಕಾಗುತ್ತದೆ. ಅದು ಒಳ್ಳೆಯ ದಾರಿಯೇ. ಪ್ರಬಂಧ ಸಲ್ಲಿಸುವ ತಿಂಗಳಿನಲ್ಲಿ ಹಿಡಿಯುವ ದಾರಿ ಅಲ್ಲ. ಅಂದ ಹಾಗೆ, ಕೊಲ್ಯಾಬ್‌ನಲ್ಲಿ ಆರ್ ಕೂಡ ಓಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಸೇರಿಯೇ ಹೋಗುತ್ತವೆ ಎಂಬುದು ಹೊಸಂಗಡಿಯ ಹೆದ್ದಾರಿ ಬದಿಯವರಿಗೆ ಗೊತ್ತಾಗಲಿಕ್ಕಿಲ್ಲ.

ನೀರ್ಚಾಲಿನ ವಿದ್ಯಾರ್ಥಿ

ಅಕ್ಕ, 19 ಬಂತು!

ಎಣಿಕೆಗೆ ಬರುತ್ತಿದ್ದ ಗೆಳೆಯ ಮಲಯಾಳಂ ಮಾಧ್ಯಮದವನು. ಅವನು ಬಂದ ವಾರಗಳಲ್ಲಿ ಐದು ತೋಟಗಳ ಹೆಸರು ಮಲಯಾಳಂನಲ್ಲಿದೆ. ಉಳಿದ ಎರಡು ನೀವು ಹೇಳಿದ ಕಾಣದ ಚಿಹ್ನೆಯ ಕಾಟ. ಸಂಖ್ಯೆ ಕೊಟ್ಟ ಮೇಲೆ 12ಕ್ಕೆ ಬಂತು. ಹೊಸ ಆರ್‌ನಲ್ಲಿ ಜಿಎಲ್‌ಎಂಎಂಟಿಎಂಬಿ ಎಚ್ಚರಿಕೆ ಇಲ್ಲದೆ ಓಡಿತು, ಧರ್ಮದ ಚಿತ್ರವೂ ಹೆಚ್ಚುಕಡಿಮೆ ನೇರವಾಗಿದೆ. ಮದ್ದಿಲ್ಲದ ತುಂಡಿಗೂ ಬೋರ್ಡೋಗೂ ಅಜಗಜಾಂತರ ಬಂದಿದೆ, ಮಾರ್ಗದರ್ಶಕರು ಖುಷಿಯಾಗಿದ್ದಾರೆ. ಬೋರ್ಡೋಗೂ ಫಾಸ್ಫೊನೇಟ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುತ್ತಿಲ್ಲ, ಅನುಪಾತದ ವ್ಯಾಪ್ತಿ ಒಂದರ ಆಚೆ ಈಚೆ ಎರಡೂ ಕಡೆ ಹರಡಿದೆ.

ಎರಡು ವಿಷಯ ಕೇಳಬೇಕು. ಮದ್ದಿಲ್ಲದ ಐದು ಮರಗಳನ್ನು ಯಜಮಾನರೇ ತೋರಿಸಿದ್ದು. ಹೆಚ್ಚಿನ ತೋಟಗಳಲ್ಲಿ ಅವು ಗುಡ್ಡೆಯ ಬದಿಯ ಕೊನೆಯ ಸಾಲಿನವು. ಉಳಿದೆರಡು ತುಂಡುಗಳಿಗೆ ಯಾವ ಮದ್ದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದೇವೆ. ಇನ್ನೊಂದು, ಎರಡು ತೋಟಗಳಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಜೋರಾದಾಗ ಯಜಮಾನರು ತಡೆಯಲಾರದೆ ಆ ಐದು ಮರಗಳಿಗೂ ಬೋರ್ಡೋ ಬಿಡಿಸಿಬಿಟ್ಟರು. ಯಾವ ವಾರ ಎಂಬುದನ್ನು ಬರೆದಿಟ್ಟಿದ್ದೇನೆ. ಆ ತೋಟಗಳನ್ನು ಕೈಬಿಡಲೇ?

ಕುಂಬಳೆಯ ಮಾಷ್ಟ್ರು

ಮದ್ದು ಬಿಡಲು ದೋಟಿ ಹಿಡಿದವರು ಅಂಗಳಕ್ಕೆ ಬಂದಿರುವಾಗ ಐದು ಮರ ಬಿಟ್ಟು ಹೋಗಿ ಎನ್ನಲು ಯಾರಿಗೆ ಮನಸ್ಸು ಬರುತ್ತದೆ! ಅವರು ಮರುದಿನ ಕರೆದರೆ ಸಿಗುವವರಲ್ಲ.

ಪೆರ್ಲದ ಅಕ್ಕ

ಮೊದಲನೆಯದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ. ಗುಡ್ಡೆ ಬದಿಯ ಸಾಲಿಗೆ ಗಾಳಿ ಬೆಳಕು ಹೆಚ್ಚು, ತೇವ ಬೇಗ ಆರುತ್ತದೆ. ನಡುತೋಟದಲ್ಲಿದ್ದಿದ್ದರೆ ಅವೇ ಮರಗಳು ಇನ್ನೂ ಹೆಚ್ಚು ಉದುರಿಸುತ್ತಿದ್ದವೋ ಏನೋ. ಮದ್ದಿನ ಪರಿಣಾಮ ಎಷ್ಟು, ಜಾಗದ ಪರಿಣಾಮ ಎಷ್ಟು ಎಂದು ಆ ತುಂಡಿನಲ್ಲಿ ಬಿಡಿಸಲು ಆಗುವುದಿಲ್ಲ. ಆದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ಹಿಡಿಸಿದ್ದು 1910ರ ಆಸುಪಾಸಿನಲ್ಲಿ. ಬೋರ್ಡೋ ಬಿಟ್ಟರೆ ಒಳ್ಳೆಯದೋ ಬಿಡದಿದ್ದರೆ ಒಳ್ಳೆಯದೋ ಎಂದು ಇವತ್ತು ಯಾರೂ ನಿನ್ನನ್ನು ಕೇಳುವುದಿಲ್ಲ. ನಿನ್ನ ಮಾರ್ಗದರ್ಶಕರು ಖುಷಿಪಟ್ಟ ಆ ಅಜಗಜಾಂತರ ಎಲ್ಲರಿಗೂ ಗೊತ್ತಿದ್ದದ್ದೇ. ಹೊಸದಿರುವುದು ಬೋರ್ಡೋ ಮತ್ತು ಫಾಸ್ಫೊನೇಟ್ ನಡುವೆ. ಅಲ್ಲಿ ಚೀಟಿ ಎತ್ತಿದ್ದೀಯ, ತಲಾ 10 ಮರ ಇದೆ, 12 ತೋಟಗಳೂ ಪೂರ್ತಿ ಉಳಿದಿವೆ. ಪ್ರಬಂಧದ ಬೆನ್ನೆಲುಬು ಅದಾಗಲಿ. ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ‘ಎರಡೂ ಸಮ’ ಎಂದು ಮಾತ್ರ ಬರೆಯಬೇಡ. ವ್ಯಾಪ್ತಿಯ ಎರಡು ತುದಿಗಳನ್ನು ಬರೆ. ಮೇಲಿನ ತುದಿಯಷ್ಟು ಹೆಚ್ಚು ಕಾಯಿ ಉದುರಿದರೆ ತೋಟದವನಿಗೆ ತಾಳಿಕೊಳ್ಳಲು ಆಗುತ್ತದೆಯೇ ಎಂಬುದು ಚರ್ಚೆಯ ಅಧ್ಯಾಯಕ್ಕೆ ಸಾಕಾಗುವಷ್ಟು ದೊಡ್ಡ ಪ್ರಶ್ನೆ.

ಎರಡನೆಯದು: ಕೈಬಿಡಬೇಡ. ಯಜಮಾನರು ಮದ್ದು ಬಿಡಿಸಿದ್ದು ರೋಗ ಜೋರಾಗಿದೆ ಎಂದು ಕಂಡದ್ದರಿಂದ. ಆ ಎರಡು ತೋಟಗಳನ್ನು ಕಿತ್ತುಹಾಕಿದರೆ ಕೊಳೆ ಹೆಚ್ಚಿದ್ದ ತೋಟಗಳೇ ಲೆಕ್ಕದಿಂದ ಹೊರಗೆ ಹೋಗುತ್ತವೆ. ಹಾಗೆಂದು ಮದ್ದು ಬಿದ್ದ ಮೇಲಿನ ಎಣಿಕೆಯನ್ನೂ ‘ಮದ್ದಿಲ್ಲ’ ಎಂದು ಸೇರಿಸುವಂತಿಲ್ಲ. ಬೋರ್ಡೋ–ಫಾಸ್ಫೊನೇಟ್ ಹೋಲಿಕೆಗೆ ಆ ತೋಟಗಳ ಎಲ್ಲ ವಾರಗಳೂ ಇರಲಿ, ಮದ್ದಿಲ್ಲದ ತುಂಡನ್ನು ಆ ಮಾದರಿಗೆ ತರಲೇಬೇಡ. ಮದ್ದಿಲ್ಲದ್ದರ ಜೊತೆಗಿನ ಹೋಲಿಕೆಯನ್ನು ಪ್ರತ್ಯೇಕವಾಗಿ ಓಡಿಸು. ಅದರಲ್ಲಿ ಆ ಎರಡು ತೋಟಗಳ ಮೂರೂ ತುಂಡುಗಳನ್ನು ಮದ್ದು ಬಿದ್ದ ವಾರದ ಹಿಂದಿನ ವಾರಕ್ಕೆ ಕತ್ತರಿಸು, ಆಫ್‌ಸೆಟ್‌ನಲ್ಲಿ ಬರೀ ಗೊನೆಯ ಬದಲು ಗೊನೆಯನ್ನು ವಾರಗಳಿಂದ ಗುಣಿಸಿ ಅದರ ಲಾಗ್ ಕೊಡು. ಆಗ ಒಂದೇ ತೋಟದೊಳಗೆ ಒಂದೇ ಅವಧಿಯನ್ನು ಹೋಲಿಸಿದಂತಾಗುತ್ತದೆ. ಕೆಟ್ಟ ವಾರಗಳು ಅದರಲ್ಲಿ ಇರುವುದಿಲ್ಲವಾದ್ದರಿಂದ ಮದ್ದಿನ ಲಾಭ ಇದ್ದದ್ದಕ್ಕಿಂತ ಕಡಿಮೆ ಕಾಣಬಹುದು. ಅದನ್ನು ಕೋಷ್ಟಕದ ಕೆಳಗೇ ಬರೆ. ಆ ತೋಟಗಳನ್ನು ಬಿಟ್ಟು ಇನ್ನೊಮ್ಮೆ ಓಡಿಸಿ, ಎರಡು ಫಲಿತಾಂಶಗಳನ್ನೂ ಪಕ್ಕಪಕ್ಕದಲ್ಲಿ ಇಡು.

ಅಕ್ಷರಗಳು ಬೇಕೇ ಬೇಕೆಂದು ಮಾರ್ಗದರ್ಶಕರು ಹಟ ಹಿಡಿದರೆ ಅನುಬಂಧದಲ್ಲಿ ಹಾಕಿ ಕೊಡು, ಜಗಳಕ್ಕೆ ನಿಲ್ಲಬೇಡ. ಆರ್‌ನಲ್ಲಿ ‘ಸೈಟೇಶನ್’ ಎಂದು ಬರೆದು ಆವರಣದೊಳಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಹೇಗೆ ಉಲ್ಲೇಖಿಸಬೇಕೆಂದು ಅದೇ ಹೇಳುತ್ತದೆ. ಬಳಸಿದ ಪ್ರತಿಯೊಂದಕ್ಕೂ ಹಾಕು, ಆವೃತ್ತಿಯ ಸಂಖ್ಯೆಯ ಸಮೇತ. ಆ ಇಬ್ಬರು ಯಜಮಾನರನ್ನು ಇನ್ನೊಮ್ಮೆ ಕಂಡು, ಅಂದು ಮರದಲ್ಲಿ ಏನು ನೋಡಿ ಮದ್ದು ಬಿಡಿಸಿದರು ಎಂದು ಕೇಳಿ ಬರೆದುಕೊಂಡು ಬಾ. ಸಿಎಸ್‌ವಿಯಲ್ಲಿ ಅದಕ್ಕೊಂದು ಕಾಲಮ್ ತೆರೆದಿಡು.